ಹೊಸಬ್ರ ಮನೆಗೆ ಮೊದಲ ಸಲ ಹೋಗುವಾಗ: ಗೇಟಿಂದ ಕಾಫಿ ಲೋಟದ ತನಕ

ನಾನು ಚಿಕ್ಕಮಗಳೂರಿಗೆ ಬಂದ ಎರಡನೇ ವಾರದಲ್ಲೇ ಒಬ್ಬ ಕಾಫಿ ಪ್ಲಾಂಟರ್ ಮನೆ ಕಣದಲ್ಲಿ ಹರವಿದ್ದ ಪಾರ್ಚ್‌ಮೆಂಟ್ ಮೇಲೆ, ಅಂದ್ರೆ ಹಣ್ಣಿನ ಸಿಪ್ಪೆ ತೆಗೆದು ಒಣಗೋಕೆ ಹಾಕಿದ್ದ ಕಾಫಿ ಬೀಜದ ಮೇಲೆ, ಬೈಕ್ ಹತ್ತಿಸ್ದೋನು. ಬೇಕಂತ ಮಾಡಿದ್ದಲ್ಲ. ನಾನು ಚನ್ನರಾಯಪಟ್ಟಣದ ಕಡೆಯೋನು, ನಮ್ಮಲ್ಲಿ ಸುಗ್ಗಿ ಬಂತು ಅಂದ್ರೆ ರಾಗಿ ಹುರುಳಿ ಎಲ್ಲಾ ಟಾರ್ ರೋಡಿಗೆ ತಂದು ಹರವ್ತಾರೆ, ಬಸ್ಸು ಲಾರಿ ಅದ್ರ ಮೇಲೆ ಹೋದಷ್ಟೂ ಖುಷಿ, ಒಕ್ಕಣೆ ಪುಕ್ಕಟೆ ಆಗುತ್ತೆ, ಹಂಗಾಗಿ ನೆಲದ ಮೇಲೆ ಏನೋ ಕಾಳು ಕಂಡ್ರೆ ಗಾಡಿ ಪಕ್ಕಕ್ಕೆ ತಗೋಬೇಕು ಅನ್ನೋ ಬುದ್ಧಿನೇ ನಂಗೆ ಇರ್ಲಿಲ್ಲ. ಜಗಲಿ ಮೇಲೆ ಪೇಪರ್ ಓದ್ತಿದ್ದ ಯಜಮಾನ್ರು ಎದ್ದು ನಿಂತ್ರು. ಬೈಲಿಲ್ಲ. ಟೈರ್ ಗುರುತು ನೋಡಿದ್ರು, ನನ್ನ ನೋಡಿದ್ರು, ಇನ್ನೊಂದ್ಸಲ ಟೈರ್ ಗುರುತು ನೋಡಿದ್ರು, ಪೇಪರ್ ಮಡಚ್ಕೊಂಡು ಒಳಗೆ ಹೋದ್ರು. ಅಷ್ಟೇ ಮೀಟಿಂಗು.

ಆಮೇಲೆ ಏನಾಯ್ತು ಅಂತ ಕೊನೇಲಿ ಹೇಳ್ತೀನಿ. ನಂದು ಗೊಬ್ಬರ-ಔಷಧಿ ಕಂಪನೀಲಿ ಫೀಲ್ಡ್ ಕೆಲಸ, ಮೊದಲು ಹಾಸನ, ಈಗ ಹನ್ನೊಂದು ವರ್ಷದಿಂದ ಚಿಕ್ಕಮಗಳೂರು, ವಾರಕ್ಕೆ ಕಮ್ಮಿ ಅಂದ್ರೂ ಹದಿನೈದು ಇಪ್ಪತ್ತು ಹೊಸ ಮುಖ ನೋಡ್ತೀನಿ, ಅದ್ರಲ್ಲಿ ಅರ್ಧ ಜನಕ್ಕೆ ನಾನು ಬಂದಿದ್ದು ಇಷ್ಟ ಇರಲ್ಲ. ಹಿಂಗಾಗಿ ಮೊದಲ ಭೇಟಿ ಅನ್ನೋ ವಿಷಯದಲ್ಲಿ ತಪ್ಪು ಮಾಡಿ ಮಾಡಿ ಒಂದಷ್ಟು ಕಲ್ತಿದೀನಿ. ವಿಡಿಯೋಗಳಲ್ಲಿ ಹೇಳ್ತಾರಲ್ಲ, ಎದೆ ಉಬ್ಸಿ ನಿಲ್ಲಿ, ಗಟ್ಟಿಯಾಗಿ ಕೈ ಕುಲುಕಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ ಅಂತ, ಅದೆಲ್ಲ ನಮ್ಮ ಕಡೆ ಅಷ್ಟು ನಡಿಯಲ್ಲ. ಇಲ್ಲಿ ಜನ ನೋಡೋದು ಬೇರೆ. ಈ ಮನುಷ್ಯ ನಮ್ಮ ಅಂಗಳದಲ್ಲಿ ನೋಡ್ಕೊಂಡು ಹೆಜ್ಜೆ ಇಡ್ತಾನಾ ಇಲ್ವಾ, ಅಷ್ಟೇ. ಅಂಗಳ ಅಂದ್ರೆ ಬರೀ ಜಾಗ ಅಲ್ಲ, ಅವರ ಟೈಮು, ಸಾಮಾನು, ಮನೇಲಿರೋ ಜನ ಎಲ್ಲಾ ಸೇರಿ.

ಒಂದನೇದು, ಹೊರಡೋ ಮುಂಚೆ ಗಡಿಯಾರ ನೋಡಿ

ಯಾವ ಶರ್ಟು ಅಂತ ಯೋಚ್ನೆ ಮಾಡೋಕೆ ಮೊದಲು ಅವರ ಮನೇಲಿ ಈಗ ಏನು ನಡೀತಿರುತ್ತೆ ಅಂತ ಯೋಚ್ನೆ ಮಾಡಿ. ತೋಟದ ಮನೆಗೆ ಬೆಳಿಗ್ಗೆ ಏಳೂವರೆ ಎಂಟಕ್ಕೆ ಹೋದ್ರೆ ಆಳುಗಳಿಗೆ ಕೆಲ್ಸ ಹಂಚೋ ಹೊತ್ತು, ಯಜಮಾನ್ರ ತಲೆ ಎಲ್ಲೋ ಇರುತ್ತೆ. ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ ತನಕ ಊಟ ನಿದ್ದೆ. ಕುಯ್ಲಿನ ಟೈಮಲ್ಲಿ, ಅಂದ್ರೆ ಹೆಚ್ಚುಕಮ್ಮಿ ನವೆಂಬರಿಂದ ಫೆಬ್ರವರಿ ತನಕ, ಸಂಜೆ ನಾಲ್ಕರ ಮೇಲೆ ಹೋಗ್ಲೇಬೇಡಿ, ಆಗ ಹಣ್ಣು ತೂಕ ಹಾಕ್ತಿರ್ತಾರೆ, ಯಾರು ಎಷ್ಟು ಕೆಜಿ ಕುಯ್ದ್ರು ಅನ್ನೋದ್ರ ಮೇಲೆ ಕೂಲಿ, ಒಂದು ಕೆಜಿ ಹೆಚ್ಚುಕಮ್ಮಿ ಆದ್ರೂ ಗಲಾಟೆ, ಆ ಹೊತ್ತಲ್ಲಿ ನೀವು ನಗ್ತಾ ಹೋಗಿ ನಿಂತ್ರೆ ನಿಮ್ಮ ಮುಖಾನೇ ಬೇಡ ಅನ್ಸುತ್ತೆ. ನನ್ನ ಲೆಕ್ಕದಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ ಒಳ್ಳೇ ಹೊತ್ತು.

ಫೋನ್ ಮಾಡ್ಕೊಂಡು ಹೋಗಿ. ಮೆಸೇಜ್ ಹಾಕಿದ್ದೆ ಸಾರ್ ಅಂತ ಹೇಳ್ಬೇಡಿ, ಎಷ್ಟೋ ಮನೇಲಿ ನೆಟ್‌ವರ್ಕ್ ಸಿಗೋದು ಹಿತ್ಲ ಹಲಸಿನ ಮರದ ಹತ್ರ ಮಾತ್ರ, ನಿಮ್ಮ ಮೆಸೇಜ್ ಅವರಿಗೆ ಮುಟ್ಟೋದು ಅವರು ಆ ಮರದ ಹತ್ರ ಹೋದಾಗ.

ಬಟ್ಟೆ ವಿಷಯ ಜಾಸ್ತಿ ಹೇಳಲ್ಲ, ಒಗೆದು ಇಸ್ತ್ರಿ ಮಾಡಿದ್ದು ಯಾವುದಾದ್ರೂ ಆಯ್ತು. ಆದ್ರೆ ಸಾಕ್ಸ್ ಬಗ್ಗೆ ಹೇಳ್ಲೇಬೇಕು. ಶೂ ನೀವು ಹೊರಗೆ ಬಿಡ್ತೀರಿ, ಒಳಗೆ ಹೋಗೋದು ಸಾಕ್ಸು. ಮಳೆಗಾಲದಲ್ಲಿ ಬೈಕಲ್ಲಿ ಮೂಡಿಗೆರೆ ತನಕ ಹೋಗಿ ಇಳಿದು ಶೂ ಬಿಚ್ಚಿದ್ರೆ ಏನು ವಾಸ್ನೆ ಬರುತ್ತೆ ಅಂತ ನಿಮಗೇ ಗೊತ್ತಿರುತ್ತೆ. ಬ್ಯಾಗಲ್ಲಿ ಯಾವಾಗ್ಲೂ ಒಂದು ಜೊತೆ ಒಣ ಸಾಕ್ಸ್ ಇಡಿ, ಗೇಟಿನ ಹತ್ರಾನೇ ಬದಲಾಯಿಸ್ಕೊಳ್ಳಿ, ಹಂಗೇ ಕಾಲ್ಬೆರಳ ಸಂದಿಲಿ ಇಂಬಳ, ಅಂದ್ರೆ ಜಿಗಣೆ, ಏನಾದ್ರೂ ಹತ್ತಿದ್ಯಾ ನೋಡ್ಕೊಳ್ಳಿ. ನಗ್ಬೇಡಿ, ನಂಗೆ ಆಗಿದೆ. ಮಾತಾಡ್ತಾ ಕೂತಿದ್ದೆ, ನೆಲದ ಮೇಲೆ ಕಾಲಿನ ಹತ್ರ ರಕ್ತ ನಿಂತಿತ್ತು, ರೆಡ್ ಆಕ್ಸೈಡ್ ನೆಲ ಆದ್ರಿಂದ ನಂಗೆ ಕಾಣ್ಲಿಲ್ಲ, ಆ ಮನೆ ಅಜ್ಜಿಗೆ ಕಾಣ್ತು, ಅವರು ಒಳಗಿಂದ ಸುಣ್ಣ ತಂದು ಕೊಟ್ಟು ನಾನು ಹಚ್ಕೊಂಡು, ಹೋಗಿದ್ದ ಕೆಲ್ಸ ಬಿಟ್ಟು ಎಲ್ಲಾ ಆಯ್ತು.

ಜರ್ಕಿನ್ ತೊಟ್ಟಿಕ್ತಿದ್ರೆ ಹೊರಗೇ ಬಿಡಿ. ಒಳಗೆ ತಂದು ಕುರ್ಚಿ ಬೆನ್ನಿಗೆ ನೇತುಹಾಕೋರನ್ನ ನೋಡಿದೀನಿ, ಪಾಪ ಮನೆಯೋರು ಏನೂ ಅನ್ನಲ್ಲ, ನೀವು ಹೋದ್ಮೇಲೆ ಒರೆಸ್ತಾ ಅಂತಾರೆ.

ಎರಡನೇದು, ಗೇಟು

ಹಾರ್ನ್ ಮಾಡ್ಬೇಡಿ. ಮಲ್ನಾಡ್ ಕಡೆ ಮನೆಗಳು ಒಂದರಿಂದ ಒಂದು ದೂರ, ನಿಮ್ಮ ಗಾಡಿ ತಿರುವಲ್ಲಿ ಬರ್ತಿದ್ದಂಗೇ ಅವರಿಗೆ ಗೊತ್ತಾಗಿರುತ್ತೆ, ನಾಯಿ ಹೇಳಿರುತ್ತೆ. ಗೇಟ್ ಹತ್ರ ಗಾಡಿ ಆಫ್ ಮಾಡಿ, ಇಳಿದು, ಅವರಿಗೆ ಕಾಣೋ ಜಾಗದಲ್ಲಿ ನಿಂತ್ಕೊಳ್ಳಿ. ನಾಯಿ ಬಂದ್ರೆ ಓಡ್ಬೇಡಿ, ಕಲ್ಲು ಎತ್ಕೊಳ್ಳೋ ಥರ ಬಗ್ಗೋದಂತೂ ಬೇಡ್ವೇ ಬೇಡ, ಯಾರ ಮನೆ ನಾಯಿಗೆ ಕಲ್ಲು ತೋರಿಸ್ತೀರೋ ಅವರ ಹತ್ರಾನೇ ಐದು ನಿಮಿಷ ಆದ್ಮೇಲೆ ನಗ್ತಾ ಮಾತಾಡ್ಬೇಕು ನೀವು.

ಇಲ್ಲಿ ಒಂದು ಮುಖ್ಯ ವಿಷಯ. ಹೆಲ್ಮೆಟ್ ತೆಗೀರಿ. ಹೆಲ್ಮೆಟ್ ಹಾಕ್ಕೊಂಡೇ ಗ್ಲಾಸ್ ಮಾತ್ರ ಎತ್ತಿ "ಸಾರ್ ಇದಾರಾ" ಅಂತ ಕೇಳೋರು ತುಂಬಾ ಜನ, ಫೈನಾನ್ಸ್ ವಸೂಲಿಗೆ ಬಂದೋರ ಥರ ಕಾಣ್ತಾರೆ. 2006ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಯೂನಿವರ್ಸಿಟಿಯ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ಅನ್ನೋರು ಒಂದು ಪ್ರಯೋಗ ಮಾಡಿದ್ರು, ಗುರುತಿಲ್ಲದ ಮುಖಗಳ ಫೋಟೋನ ಸೆಕೆಂಡಿನಲ್ಲಿ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ ತೋರ್ಸಿ ಇವನ್ನ ನಂಬ್ಬಹುದಾ, ಇವನು ಇಷ್ಟ ಆಗ್ತಾನಾ ಅಂತೆಲ್ಲ ಕೇಳಿದ್ರು. ಅಷ್ಟರಲ್ಲೇ ಜನ ಕೊಟ್ಟ ಉತ್ರಕ್ಕೂ ಆರಾಮಾಗಿ ನೋಡಿ ಕೊಟ್ಟ ಉತ್ರಕ್ಕೂ ಬಹಳ ಹೊಂದಿಕೆ ಆಗ್ತಿತ್ತು, ಟೈಮ್ ಜಾಸ್ತಿ ಸಿಕ್ರೆ ತಮ್ಮ ತೀರ್ಪಿನ ಮೇಲೆ ಅವರಿಗೇ ಇನ್ನೂ ನಂಬಿಕೆ ಬರ್ತಿತ್ತು. ಆ ತೀರ್ಪು ಸರಿಯಾಗೇ ಇರುತ್ತೆ ಅಂತ ಅರ್ಥ ಅಲ್ಲ, ತಪ್ಪೇ ಇರ್ಬಹುದು, ಆದ್ರೆ ಆಗೋದು ಅಷ್ಟು ಬೇಗ. ಅಂಥದ್ರಲ್ಲಿ ಆ ಹತ್ತನೇ ಒಂದು ಸೆಕೆಂಡಲ್ಲಿ ಅವರಿಗೆ ಬರೀ ಹೆಲ್ಮೆಟ್ ತೋರ್ಸಿದ್ರೆ ಹೆಂಗೆ.

ಗೇಟ್ ತೆಗಿಯೋಕೆ ಬಂದೋರು ಯಾರೇ ಆಗ್ಲಿ, ತೋಟದ ಲೆಕ್ಕ ನೋಡೋ ರೈಟ್ರು, ಕೆಲಸದ ಹುಡುಗ, ಅಸ್ಸಾಮಿಂದ ಬಂದು ಲೈನ್ ಮನೇಲಿರೋ ಕೂಲಿಯೋರು, ಅವರಿಗೂ ಒಂದು ನಮಸ್ಕಾರ. ನಾಟಕಕ್ಕೆ ಹೇಳ್ತಿಲ್ಲ. ನೀವು ಅವರ ಹತ್ರ ಹೆಂಗೆ ಮಾತಾಡಿದ್ರಿ ಅನ್ನೋದು ಜಗಲಿಗೆ ಕೇಳ್ಸಿರುತ್ತೆ, ಮೊದಲ ಇಂಪ್ರೆಷನ್ ಅಲ್ಲೇ ಆಗೋಗಿರುತ್ತೆ. ಆಮೇಲೆ "ಗಾಡಿ ಎಲ್ಲಿ ನಿಲ್ಸಲಿ?" ಅಂತ ಕೇಳಿ. ನನ್ನ ಹನ್ನೊಂದು ವರ್ಷದ ಸರ್ವಿಸಲ್ಲಿ ಇಷ್ಟು ಲಾಭ ಕೊಟ್ಟ ಪ್ರಶ್ನೆ ಇನ್ನೊಂದಿಲ್ಲ.

ಮೂರನೇದು, ಬಾಯಿ ಬಿಟ್ಟು ಮೊದಲು ಏನು ಹೇಳ್ಬೇಕು

ದೊಡ್ಡೋರಿಗೆ, ಹೆಂಗಸರಿಗೆ ಕೈ ಮುಗೀರಿ. ನಿಮ್ಮ ವಯಸ್ಸಿನೋರು ಕೈ ಚಾಚಿದ್ರೆ ಕೊಡಿ, ನೀವೇ ಮುಂದಾಗಿ ಚಾಚೋದು ಬೇಡ. ಕುಯ್ಲಿನ ದಿನಗಳಲ್ಲಿ ಅವರ ಕೈಯೆಲ್ಲ ಹಣ್ಣಿನ ಅಂಟು ಇರುತ್ತೆ, ಆಗ ಬೆರಳು ಹಿಂದಕ್ಕೆ ಮಡಚಿ ಮಣಿಕಟ್ಟು ಮುಂದೆ ಮಾಡ್ತಾರೆ. ಅದನ್ನ ಹಿಡ್ಕೊಳ್ಳಿ. ಪರವಾಗಿಲ್ಲ ಸಾರ್ ಪರವಾಗಿಲ್ಲ ಅಂತ ಹಿಂದೆ ಸರಿದ್ರೆ ನೀವು ಕೈ ಕೊಳೆ ಆಗುತ್ತೆ ಅಂತ ಸರಿದ್ರಿ ಅಂತಾನೇ ಲೆಕ್ಕ.

ಹೆಸ್ರು, ಊರು, ಯಾರು ಕಳ್ಸಿದ್ದು, ಎಷ್ಟು ಹೊತ್ತಿನ ಕೆಲ್ಸ. ಈ ನಾಲ್ಕು ಒಂದೇ ಉಸಿರಲ್ಲಿ ಬರ್ಬೇಕು. "ನಮಸ್ಕಾರ ಸಾರ್, ನಾನು ಇಂಥೋನು, ಚನ್ನರಾಯಪಟ್ಟಣದ ಕಡೆಯೋನು, ಪಕ್ಕದ ತೋಟದೋರು ನಿಮ್ಮನ್ನ ನೋಡು ಅಂದ್ರು, ಹತ್ತು ನಿಮಿಷ ಮಾತಾಡ್ಬಹುದಾ" ಅಷ್ಟು ಸಾಕು. ಹತ್ತು ನಿಮಿಷ ಅಂತ ಹೇಳಿದ ತಕ್ಷಣ ಎದುರಿನೋರ ಭುಜ ಸ್ವಲ್ಪ ಕೆಳಗೆ ಇಳಿಯೋದು ಕಾಣುತ್ತೆ ನಿಮಗೆ, ಇವನು ಇಡೀ ಬೆಳಿಗ್ಗೆ ತಿನ್ನೋನಲ್ಲ ಅಂತ ಅವರಿಗೆ ಸಮಾಧಾನ.

ಮೊದಲ ವಾಕ್ಯದಲ್ಲೇ ಸಾರಿ ಕೇಳೋ ಅಭ್ಯಾಸ ಇದ್ರೆ ಬಿಡಿ. "ಸಾರಿ ಸಾರ್ ಲೇಟಾಯ್ತು, ರೋಡು ಸರಿ ಇಲ್ಲ, ಲೊಕೇಶನ್ ತಪ್ಪು ತೋರಿಸ್ತು, ಮಳೆ ಬೇರೆ" ಅಂತ ಶುರು ಮಾಡಿದ್ರೆ ಅವರ ಕಿವಿಗೆ ಮೊದಲು ಬಿದ್ದಿದ್ದು ಲೇಟು. ಸಾಲೊಮನ್ ಆಶ್ ಅನ್ನೋ ಮನಶ್ಶಾಸ್ತ್ರಜ್ಞ 1946ರಲ್ಲೇ ಇದನ್ನ ತೋರ್ಸಿದಾರೆ, ಒಬ್ಬ ಮನುಷ್ಯನ ಬಗ್ಗೆ ಅವೇ ಆರು ಗುಣಗಳ ಪಟ್ಟಿ, ಕೆಲವರಿಗೆ ಬುದ್ಧಿವಂತ ಅನ್ನೋದ್ರಿಂದ ಶುರು ಮಾಡಿ ಹೊಟ್ಟೆಕಿಚ್ಚಿನೋನು ಅಂತ ಮುಗಿಸಿದ್ರು, ಇನ್ನು ಕೆಲವರಿಗೆ ಅದನ್ನೇ ಉಲ್ಟಾ ಓದಿದ್ರು, ಬುದ್ಧಿವಂತ ಅಂತ ಮೊದಲು ಕೇಳಿದೋರಿಗೆ ಆ ಮನುಷ್ಯ ಒಳ್ಳೇನಾಗಿ ಕಂಡ. ಪಟ್ಟಿ ಒಂದೇ, ಮೊದಲು ಬಿದ್ದ ಮಾತು ಬೇರೆ. ಲೇಟಾಗಿದ್ರೆ ದಾರೀಲೇ ನಿಂತು ಫೋನ್ ಮಾಡಿ ಹೇಳ್ಬಿಡಿ, ಮನೆಗೆ ಹೋದ್ಮೇಲೆ ಆ ಕಥೆ ಬೇಡ.

ಏನಂತ ಕರೀಬೇಕು ಅನ್ನೋದು ಇನ್ನೊಂದು ತಲೆನೋವು. ಈ ಕಡೆ ಎಲ್ರನ್ನೂ "ಗೌಡ್ರೇ" ಅಂದ್ಬಿಡೋ ಅಭ್ಯಾಸ ಕೆಲವರಿಗಿದೆ, ಗೌಡ್ರು ಆಗಿದ್ರೆ ಸರಿ, ಆಗಿಲ್ದಿದ್ರೆ ಅವರು ಅಲ್ಲ ಅಂತ ಹೇಳ್ಬೇಕಾಗುತ್ತೆ, ಆಗ ಇಬ್ರಿಗೂ ಮುಜುಗರ. ಸಾರ್, ಅಣ್ಣ, ಯಜಮಾನ್ರೇ, ಹೆಂಗಸರಿಗೆ ಮೇಡಂ, ಅಕ್ಕ, ಅಮ್ಮ, ಇಷ್ಟರಲ್ಲಿ ಆಗುತ್ತೆ. ನಿಮಗಿಂತ ಹತ್ತು ವರ್ಷ ಚಿಕ್ಕೋರಾದ್ರೂ ಮೊದಲ ದಿನ "ನೀವು". ಬ್ರೋ, ಮಗಾ, ಗುರು ಇವೆಲ್ಲ ಅವರು ಶುರು ಮಾಡಿದ್ಮೇಲೆ. ಅಕ್ಕ ಅನ್ಬೇಕಾ ಆಂಟಿ ಅನ್ಬೇಕಾ ಅಂತ ಅನುಮಾನ ಬಂದ್ರೆ ಕಣ್ಮುಚ್ಕೊಂಡು ಅಕ್ಕ ಅನ್ನಿ, ಇದು ಅನುಭವದ ಮಾತು.

"ಯಾವೂರು?"

ಇದನ್ನ ಕೇಳೇ ಕೇಳ್ತಾರೆ. ಹಾಸನ ಆಗ್ಲಿ ಚಿಕ್ಕಮಗಳೂರಾಗ್ಲಿ ಕೊಪ್ಪ ಶೃಂಗೇರಿ ಆಗ್ಲಿ, ಯಾವೂರು ಅಂತ ಗೊತ್ತಾಗೋ ತನಕ ಮಾತು ಮುಂದಕ್ಕೆ ಹೋಗಲ್ಲ. ಬೆಂಗಳೂರಲ್ಲಿ ಓದಿ ಬಂದ ಹುಡುಗ್ರು ಇದನ್ನ ವಿಚಾರಣೆ ಅನ್ಕೊಂಡು ಮುಖ ಗಂಟು ಹಾಕ್ಕೊಳ್ತಾರೆ. ನಿಮ್ಮನ್ನ ಎಲ್ಲಿ ಇಟ್ಟು ನೋಡ್ಬೇಕು ಅಂತ ಅವರಿಗೆ ಒಂದು ಜಾಗ ಬೇಕು, ಅಷ್ಟೇ. "ಹಾಸನ" ಅಂತ ಬರೀ ಒಂದು ಪದ ಹೇಳಿ ಸುಮ್ನಾದ್ರೆ ಅವರಿಗೆ ಏನೂ ಸಿಗ್ಲಿಲ್ಲ. ಸ್ವಲ್ಪ ಉದ್ದ ಹೇಳಿ, ಹಿಡ್ಕೊಳ್ಳೋಕೆ ಒಂದು ಎಳೆ ಬಿಡಿ. "ಹಾಸನ ಸಾರ್, ಹೊಳೆನರಸೀಪುರ ರೋಡು, ಮನೇಲಿ ಆಲೂಗಡ್ಡೆ ಹಾಕ್ತಿದ್ವಿ, ಈಗ ಜೋಳ" ಅಂದ್ರೆ ನೋಡಿ, ಅವರ ತಂಗೀನ ಕೊಟ್ಟ ಊರು ಅಲ್ಲೇ ಇರುತ್ತೆ, ಇಲ್ಲಾ ಅವರು ಬಿತ್ತನೆ ಗಡ್ಡೆ ತರೋಕೆ ಬಂದಿರ್ತಾರೆ, ಇಲ್ಲಾ ಹಾಸನಾಂಬೆ ದರ್ಶನಕ್ಕೆ ಕ್ಯೂನಲ್ಲಿ ನಿಂತು ಸುಸ್ತಾದ ಕಥೆ ಇರುತ್ತೆ. ವರ್ಷಕ್ಕೊಂದ್ಸಲ ದೀಪಾವಳಿ ಹೊತ್ತಿಗೆ ಮಾತ್ರ ಬಾಗಿಲು ತೆಗಿಯೋ ದೇವಸ್ಥಾನ ಆದ್ರಿಂದ ಆ ಕ್ಯೂನ ಕಥೆ ಎಲ್ರ ಹತ್ರಾನೂ ಒಂದಿರುತ್ತೆ.

ಈ ಪ್ರಶ್ನೆ ಹಿಂದೆ ಇನ್ನೊಂದು ಪ್ರಶ್ನೆ ಅಡ್ಗಿರೋದೂ ಉಂಟು, ಅದನ್ನ ಮುಚ್ಚಿಡೋಕೆ ಹೋಗಲ್ಲ. "ನೀವು ಯಾವ ಪೈಕಿ", "ಮನೆದೇವ್ರು ಯಾವುದು" ಅಂತ ಸುತ್ತಿ ಬಳಸಿ ಜಾತಿ ತಿಳ್ಕೊಳ್ಳೋಕೆ ನೋಡ್ತಾರೆ. ನಾನು ಏನು ಮಾಡ್ತೀನಿ ಅಂದ್ರೆ ಊರು, ಕೆಲ್ಸ, ಅಪ್ಪ ಏನು ಬೆಳೀತಿದ್ರು, ಇಷ್ಟು ಹೇಳಿ ಅವರ ತೋಟದ ಬಗ್ಗೆ ಒಂದು ಪ್ರಶ್ನೆ ವಾಪಸ್ ಹಾಕ್ತೀನಿ. ಹತ್ತರಲ್ಲಿ ಎಂಟು ಜನ ಆ ಕಡೆ ಹೋಗ್ತಾರೆ, ಇನ್ನಿಬ್ರು ಬಿಡಲ್ಲ, ಇರ್ಲಿ. ನೀವಂತೂ ಯಾರನ್ನೂ ಇದನ್ನ ಕೇಳ್ಬೇಡಿ, ಸುತ್ತಿ ಬಳಸಿಯೂ ಬೇಡ.

ಕಾಫಿ

"ಕಾಫಿ ಕುಡೀತೀರಾ?" ಅಂತ ಕೇಳೋದು ಪ್ರಶ್ನೆ ಅಲ್ಲ, ಒಲೆ ಮೇಲೆ ಆಗ್ಲೇ ಇಟ್ಟಿರ್ತಾರೆ. ನಮ್ಮಲ್ಲಿ ಒಂದ್ಸಲ ಬೇಡ ಅನ್ನೋದು ಮರ್ಯಾದೆ, ಅವರು ಇನ್ನೊಂದ್ಸಲ ಹೇಳಿದ್ರೆ ಸರಿ ಅನ್ನೋದು ಮರ್ಯಾದೆ, ಮೂರನೇ ಸಲಾನೂ ಬೇಡ ಅಂದ್ರೆ ಅದು ಅವಮಾನ. ಈಗ ತಾನೇ ಕುಡಿದು ಬಂದೆ ಅನ್ಬೇಡಿ, ಅಂದ್ರೆ ಪಕ್ಕದ ಮನೇಲಿ ಕುಡಿದ್ರಿ, ನಮ್ಮಲ್ಲಿ ಬೇಡ ಅಂತಾಗುತ್ತೆ. ದಿನಕ್ಕೆ ಎಂಟು ಕಾಫಿ ಆದ್ರೆ ಹೊಟ್ಟೆ ಉರಿಯೋದು ನಂಗೂ ಗೊತ್ತು, ಅದಕ್ಕೇ "ಅರ್ಧ ಲೋಟ ಕೊಡಿ ಅಕ್ಕ" ಅಂತೀನಿ. ಕುಡಿಯೋದೇ ಇಲ್ಲ ಅನ್ನೋರು "ಬಿಸಿನೀರು ಕೊಡಿ, ಸಾಕು" ಅಂತ ಕೇಳಿ, ಏನೋ ಒಂದು ಅವರ ಮನೆಯದ್ದು ನಿಮ್ಮ ಗಂಟ್ಲಲ್ಲಿ ಇಳೀಬೇಕು. ಟೀ ಇದ್ಯಾ ಅಂತ ಮಾತ್ರ ಕೇಳ್ಬೇಡಿ. ಕೇಳಿದ್ರೆ ಕೊಡ್ತಾರೆ, ಮಾಡ್ಕೊಂಡೇ ಕೊಡ್ತಾರೆ, ಆದ್ರೆ ಕಾಫಿ ಬೆಳೆಯೋನ ಜಗಲಿ ಮೇಲೆ ಕೂತು ಟೀ ಕೇಳಿದ ಹುಡುಗ ಅಂತ ಮುಂದಿನ ಮದುವೆ ಮನೆ ತನಕ ನಿಮ್ಮ ಹೆಸ್ರು ಹೋಗುತ್ತೆ.

ಲೋಟ ಬಂದಾಗ ಫೋನ್ ಒಳಗಿಡಿ. ಎರಡೂ ಕೈಲಿ ತಗೊಳ್ಳಿ ಅಂತ ರೂಲ್ಸ್ ಏನಿಲ್ಲ, ಆದ್ರೆ ಎಡಗೈಲಿ ಫೋನ್ ನೋಡ್ತಾ ಬಲಗೈ ಮಾತ್ರ ಚಾಚಬೇಡಿ. ತಂದುಕೊಟ್ಟೋರ ಮುಖ ನೋಡಿ. ಸಾಮಾನ್ಯವಾಗಿ ನಮ್ಮ ಫೀಲ್ಡ್ ಹುಡುಗ್ರು ಯಜಮಾನ್ರ ಹತ್ರ ಮಾತ್ರ ಮಾತಾಡ್ತಾರೆ, ಕಾಫಿ ತಂದ ಹೆಂಗಸು ಇದಾರೆ ಅನ್ನೋದೇ ಕಣ್ಣಿಗೆ ಬೀಳಲ್ಲ. ಎಷ್ಟೋ ಮನೇಲಿ ಲೆಕ್ಕ ಬರಿಯೋದು ಅವರು, ಹೋಂಸ್ಟೇ ನಡ್ಸೋದು ಅವರು, ಯಾವ ಗೊಬ್ಬರ ತರ್ಬೇಕು ಅನ್ನೋದ್ರಲ್ಲೂ ಕೊನೇ ಮಾತು ಅವರದ್ದೇ. ನಾನು ಒಂದು ಮನೇಲಿ ಇಪ್ಪತ್ತು ನಿಮಿಷ ಯಜಮಾನ್ರಿಗೆ ಪ್ರಾಡಕ್ಟ್ ವಿವರ್ಸಿದೀನಿ, ಅವರು ಎಲ್ಲಾ ಕೇಳಿ ಒಳಗೆ ತಿರುಗಿ "ಏನಂತೀಯೇ?" ಅಂದ್ರು. ಒಳಗಿಂದ "ಬೇಡ" ಅಂತ ಬಂತು. ಮುಗೀತು.

ಕಾಫಿ ಬಗ್ಗೆ ನಿಮಗೆ ಗೊತ್ತಿರೋದೆಲ್ಲ ಅಲ್ಲಿ ಹೇಳೋಕೆ ಹೋಗ್ಬೇಡಿ. ಚಿಕೋರಿ ಎಷ್ಟು ಪರ್ಸೆಂಟ್ ಇರ್ಬೇಕು ಅನ್ನೋ ಚರ್ಚೆ, ಬಾಬಾಬುಡನ್ ಏಳು ಬೀಜ ತಂದ ಕಥೆ, ಅವರು ಹುಟ್ಟಿದಾಗಿಂದ ಕೇಳಿದಾರೆ. ಚೆನ್ನಾಗಿದ್ರೆ ಚೆನ್ನಾಗಿದೆ ಅನ್ನಿ, ಲೋಟ ಪೂರ್ತಿ ಖಾಲಿ ಮಾಡಿ.

ಮಾತು ಎಲ್ಲಿಂದ ಶುರು ಮಾಡೋದು

ಕಾಫಿ ನಾಡಲ್ಲಿ ಇದಕ್ಕೆ ರೆಡಿ ಉತ್ರ ಇದೆ. "ನಿಮ್ಮಲ್ಲಿ ಮಳೆ ಎಷ್ಟು ಆಯ್ತು ಸಾರ್?" ಪ್ಲಾಂಟರ್‌ಗಳ ಮನೇಲಿ ಮಳೆ ಅಳೆಯೋ ಮಾಪಕ ಇರುತ್ತೆ, ಅಜ್ಜನ ಕಾಲದಿಂದ ಡೈರೀಲಿ ಬರ್ದಿಟ್ಟಿರೋರೂ ಇದಾರೆ, ಅವರ ಲೆಕ್ಕ ಇಂಚು ಮತ್ತೆ ಸೆಂಟ್ಸಲ್ಲಿ, ಒಂದು ಇಂಚಿಗೆ ನೂರು ಸೆಂಟ್ಸು. "ನಿನ್ನೆ ರಾತ್ರಿ ಎಂಬತ್ತು ಸೆಂಟ್ಸ್ ಬಂತು" ಅಂತಾರೆ. ಅದೂ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಆದ್ರೆ ಹೂಮಳೆ ಬಿಟ್ಟು ಬೇರೆ ಮಾತೇ ಇಲ್ಲ. ಒಂದು ಇಂಚಿನ ಹತ್ರ ಸರಿಯಾಗಿ ಬಿದ್ರೆ ಎಂಟ್ಹತ್ತು ದಿನಕ್ಕೆ ಇಡೀ ತೋಟ ಮಲ್ಲಿಗೆ ಥರ ಹೂವಾಗುತ್ತೆ, ಅರ್ಧಂಬರ್ಧ ಬಿದ್ರೆ ಮೊಗ್ಗು ಹಾಳು, ಹೂವಾದ್ಮೇಲೆ ಬ್ಯಾಕಿಂಗ್ ಮಳೆ, ಅಂದ್ರೆ ಕಾಯಿ ಕಟ್ಟೋಕೆ ಬೇಕಾದ ಎರಡನೇ ಮಳೆ, ಬರ್ದಿದ್ರೂ ಕಷ್ಟ. ವರ್ಷದ ಸಂಪಾದನೆ ಆ ಒಂದೆರಡು ಮಳೆ ಮೇಲೆ ನಿಂತಿರುತ್ತೆ.

ಆದ್ರೆ ಬರೀ ಪ್ರಶ್ನೆ ಹಾಕಿ ಸುಮ್ನಿದ್ರೆ ಕೆಲ್ಸ ಆಗಲ್ಲ, ಎರಡನೇ ಪ್ರಶ್ನೆ ಬೇಕು. ಅವರು ಎಂಬತ್ತು ಸೆಂಟ್ಸ್ ಅಂದಾಗ "ಓ ಹೌದಾ" ಅಂತ ನಿಮ್ಮ ವಿಷಯಕ್ಕೆ ಹಾರಿದ್ರೆ ಮೊದಲನೇದು ಸುಮ್ನೆ ಶಾಸ್ತ್ರಕ್ಕೆ ಕೇಳಿದ್ದು ಅಂತ ಗೊತ್ತಾಗುತ್ತೆ. "ಎಂಬತ್ತು ಸಾಕಾಗುತ್ತಾ ಸಾರ್, ಸ್ಪ್ರಿಂಕ್ಲರ್ ಹಾಕಿದ್ರಾ?" ಅಂತ ಅವರು ಹೇಳಿದ್ದನ್ನೇ ಹಿಡ್ಕೊಂಡು ಕೇಳಿ. ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ಇದನ್ನ ನೋಡಿದಾರೆ, ಹೊಸಬ್ರ ಜೊತೆ ಮಾತಾಡುವಾಗ ಜಾಸ್ತಿ ಪ್ರಶ್ನೆ ಕೇಳೋರು, ಅದ್ರಲ್ಲೂ ಹೇಳಿದ ಮಾತಿನ ಬಾಲ ಹಿಡಿದು ಕೇಳೋರು, ಜನಕ್ಕೆ ಹೆಚ್ಚು ಇಷ್ಟ ಆಗ್ತಾರಂತೆ. ನಮ್ಮ ಅಜ್ಜಂದ್ರು ಸಂತೇಲಿ ಕೂತು ಇದನ್ನೇ ಮಾಡ್ತಿದ್ರು.

ದನಿ ವಿಷಯ ಒಂದು ಹೇಳ್ಬೇಕು, ಇದು ನನ್ನಂಥ ಬಯಲುಸೀಮೆಯೋರಿಗೆ. ನಮ್ಮ ಮಾತು ಜೋರು. ಹೊಲದ ಈ ಬದೀಂದ ಆ ಬದಿಗೆ ಕೂಗಿ ಅಭ್ಯಾಸ, "ಏನಣ್ಣೋ ಎಂಗಿದೀಯ" ಅಂದ್ರೆ ನಮಗೆ ಪ್ರೀತಿ, ಮಲ್ನಾಡೋರಿಗೆ ಜಗಳಕ್ಕೆ ಬಂದಂಗೆ ಕೇಳ್ಸುತ್ತೆ. ಅವರು ಮಾತಿನ ಮಧ್ಯೆ ಸುಮ್ನಾಗ್ತಾರೆ, ತೋಟದ ಕಡೆ ನೋಡ್ತಾರೆ, ಆಮೇಲೆ "ಅಲ್ಲ ಮಾರಾಯ್ರೆ" ಅಂತ ಮತ್ತೆ ಶುರು ಮಾಡ್ತಾರೆ. ಆ ಸುಮ್ಮನಿರೋ ಹೊತ್ತನ್ನ ತುಂಬ್ಸೋಕೆ ಹೋಗ್ಬೇಡಿ. ನಂಗೆ ಎರಡು ವರ್ಷ ಹಿಡೀತು ಇದು ಅರ್ಥ ಆಗೋಕೆ. ಅವರು ಮುಗಿಸಿಲ್ಲ, ಯೋಚ್ನೆ ಮಾಡ್ತಿದಾರೆ. ಹಂಗಂತ ಅವರ "ಮಾರಾಯ್ರೆ" ನೀವೂ ಶುರು ಮಾಡ್ಬೇಡಿ, ಬಾಯಿಗೆ ಹೊಂದ್ದೇ ಇರೋ ಮಾತು ಅಣಕಿಸ್ದಂಗೆ ಇರುತ್ತೆ.

ಕೇಳ್ಬಾರದ್ದು

"ಎಷ್ಟು ಎಕರೆ ಇದೆ?" ಕೇಳ್ಬೇಡಿ. ಆಫೀಸಿನೋರನ್ನ ಸಂಬಳ ಎಷ್ಟು ಅಂತ ಕೇಳ್ದಂಗೆ. ಅವರಾಗೇ ಹೇಳಿದ್ರೆ ಕೇಳಿಸ್ಕೊಳ್ಳಿ.

ಆನೆ ವಿಷಯ ಬಹಳ ಹುಷಾರು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಹೊಸದಾಗಿ ಹೋದೋರು ಖುಷಿಯಿಂದ "ಇಲ್ಲಿ ಆನೆ ಬರ್ತಾವಂತೆ, ನೋಡ್ಬಹುದಾ?" ಅಂತ ಕೇಳ್ತಾರೆ. ಆ ಜನ ರಾತ್ರಿ ನಿದ್ದೆ ಬಿಟ್ಟು ತೋಟ ಕಾದಿರ್ತಾರೆ, ಬಾಳೆ ಅಡಿಕೆ ಕಾಫಿ ಗಿಡ ಎಲ್ಲಾ ತುಳಿಸ್ಕೊಂಡಿರ್ತಾರೆ, ಊರಲ್ಲಿ ಯಾರೋ ಜೀವಾನೂ ಕಳ್ಕೊಂಡಿರ್ತಾರೆ. ನಿಮ್ಮ ಒಂದು ಪ್ರಶ್ನೆಗೆ ಇವನು ಟೂರಿಸ್ಟು ಅಂತ ಮುದ್ರೆ ಬಿತ್ತು. ಹಾಸನದ ಕಡೆ ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದ ವರ್ಷ "ಈ ಸಲ ಬೆಳೆ ಜೋರಾ?" ಅಂತ ನಗ್ತಾ ಕೇಳೋದೂ ಹಂಗೇ. ಹೋಗೋಕೆ ಮುಂಚೆ ದಾರೀಲಿ ಟೀ ಅಂಗಡೀಲಿ ಐದು ನಿಮಿಷ ನಿಂತ್ರೆ ಊರಿನ ಪರಿಸ್ಥಿತಿ ಗೊತ್ತಾಗುತ್ತೆ, ಅದನ್ನ ಮಾಡಿ.

ಮದುವೆ ಆಗಿದ್ಯಾ, ಮಕ್ಕಳೆಷ್ಟು, ಮಗ ಯಾಕೆ ಊರಲ್ಲಿಲ್ಲ, ಇವು ಅವರು ನಿಮ್ಮನ್ನ ಕೇಳ್ತಾರೆ, ನೀವು ವಾಪಸ್ ಕೇಳೋದು ಎರಡನೇ ಭೇಟಿಗೆ ಇಟ್ಕೊಳ್ಳಿ.

ಎದ್ದು ಹೊರಡೋದು

ಹತ್ತು ನಿಮಿಷ ಅಂದಿದ್ರಿ, ಹತ್ತು ನಿಮಿಷಕ್ಕೆ ಎದ್ದು ನಿಲ್ಲಿ. ಕೂತ್ಕೊಳ್ಳಿ ಅಂದ್ರೆ ಕೂತ್ಕೊಳ್ಳಿ, ಅದು ಬೇರೆ. "ಬರ್ತೀನಿ" ಅನ್ನಿ, ಒಳಗಿರೋರಿಗೂ ಕೇಳೋ ಹಂಗೆ "ಅಕ್ಕ ಬರ್ತೀನಿ" ಅನ್ನಿ. ಗೇಟ್ ಹೆಂಗಿತ್ತೋ ಹಂಗೇ ಹಾಕಿ ಹೋಗಿ, ಮುಚ್ಚಿದ್ರೆ ಮುಚ್ಚಿ, ತೆಗೆದಿದ್ರೆ ತೆಗೆದೇ ಬಿಡಿ, ದನ ಒಳಗೆ ಬಂದ್ರೆ ನಿಮ್ಮ ಹೆಸ್ರಲ್ಲೇ ಬೈಯೋದು.

ತಿರುವು ದಾಟಿದ್ಮೇಲೆ ಗಾಡಿ ನಿಲ್ಸಿ ಹೆಸ್ರು ಸೇವ್ ಮಾಡಿ. ಬರೀ ಹೆಸ್ರು ಸಾಲಲ್ಲ, ಒಂದೇ ಹೆಸ್ರಿನ ಐದು ಜನ ಇರ್ತಾರೆ. ನಾನು ಹೆಸ್ರು, ಊರು, ಒಂದು ಗುರುತು ಹಾಕ್ತೀನಿ. "ಆಲ್ದೂರು, ಕುಂಟ ನಾಯಿ ಮನೆ." ಆರು ತಿಂಗಳು ಬಿಟ್ಟು ಅವರು ಫೋನ್ ಮಾಡಿದಾಗ "ಹೇಳಿ ಸಾರ್, ನಾಯಿ ಕಾಲು ವಾಸಿ ಆಯ್ತಾ?" ಅಂದ್ರೆ ಆ ಕಡೆ ಒಂದು ಕ್ಷಣ ಮಾತೇ ಬರಲ್ಲ. ಗುರುತು ಹಾಕುವಾಗ ಮಾತ್ರ ಮರ್ಯಾದೆ ಇಟ್ಕೊಂಡು ಹಾಕಿ, ನಿಮ್ಮ ಫೋನ್ ಅವರ ಕೈಗೆ ಸಿಗೋ ದಿನ ಬಂದೇ ಬರುತ್ತೆ.

ಟೌನಲ್ಲಿ ಇರೋರಿಗೆ

ತೋಟ ಗೀಟ ಏನಿಲ್ಲ, ಹಾಸನಕ್ಕೆ ಟ್ರಾನ್ಸ್‌ಫರ್ ಆಗಿ ಬಂದಿದೀನಿ, ಬಾಡಿಗೆ ಮನೆ ಹಿಡಿದಿದೀನಿ ಅನ್ನೋರಿಗೆ ಇನ್ನೂ ಸುಲಭ. ಸಾಮಾನು ಇಳಿಸಿದ ದಿನವೇ ಪಕ್ಕದ ಮನೆಗೆ ಹೋಗಿ ಒಂದು ಸಣ್ಣ ಸಹಾಯ ಕೇಳಿ. "ನಲ್ಲಿ ನೀರು ಯಾವ ದಿನ ಬಿಡ್ತಾರೆ ಅಕ್ಕ?", "ಹಾಲು ಯಾರ ಹತ್ರ ತಗೋತೀರಾ?" ಕೇಳಿದ್ದಕ್ಕೆ ಅವರು ಉತ್ರ ಕೊಡ್ತಾರೆ, ಜೊತೆಗೆ ಓನರ್ ಹೆಂಗೆ, ಕರೆಂಟ್ ಮೀಟರ್ ಬೇರೆ ಇದ್ಯಾ, ಕಸದ ಗಾಡಿ ಎಷ್ಟೊತ್ತಿಗೆ ಅಂತ ಎಲ್ಲಾ ಬರುತ್ತೆ. ಸ್ವೀಟ್ ಬಾಕ್ಸ್ ತಗೊಂಡು ಹೋಗಿ ಪರಿಚಯ ಮಾಡ್ಕೊಳ್ಳೋದಕ್ಕಿಂತ ಇದು ಸಲೀಸು, ಯಾಕಂದ್ರೆ ಸ್ವೀಟ್ ಕೊಟ್ರೆ ಅವರಿಗೆ ವಾಪಸ್ ಏನು ಕೊಡೋದು ಅನ್ನೋ ತಲೆನೋವು, ನೀರಿನ ದಿನ ಹೇಳಿದ್ರೆ ಹೊಸಬ್ರಿಗೆ ಸಹಾಯ ಮಾಡಿದ ಖುಷಿ.

ಹೊಸ ಆಫೀಸಿಗೆ ಸೇರೋರು ಮೊದಲ ವಾರ ಹಳೇ ಆಫೀಸ್ ಬಗ್ಗೆ ಮಾತಾಡ್ಬೇಡಿ, ಒಳ್ಳೇದೂ ಬೇಡ ಕೆಟ್ಟದ್ದೂ ಬೇಡ. ಹೆಣ್ಣು ನೋಡೋಕೆ ಹೋಗೋರು ಉಪ್ಪಿಟ್ಟು ಪೂರ್ತಿ ತಿನ್ನಿ. ಅದ್ರಾಚೆ ನನ್ನ ಹತ್ರ ಸಲಹೆ ಇಲ್ಲ, ನಂದು ಮೂರನೇ ಮನೇಲಿ ಆಗಿದ್ದು.

ಕೆಟ್ಟೋಯ್ತು ಅನ್ಸಿದ್ರೆ

ಮನೆಗೆ ಬಂದು ಮಲ್ಗಿದಾಗ ಅಯ್ಯೋ ಅದನ್ನ ಹಂಗೆ ಹೇಳ್ಬಾರ್ದಿತ್ತು ಅಂತ ತಲೇಲಿ ಓಡುತ್ತಲ್ಲ, ಅದು ಎಲ್ರಿಗೂ ಇದೆ, ಮತ್ತೆ ಅದು ಬಹಳ ಸಲ ಸುಳ್ಳು. ಎರಿಕಾ ಬೂತ್‌ಬಿ ಮತ್ತು ಅವರ ಜೊತೆಯೋರು 2018ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ, ಮೊದಲ ಸಲ ಮಾತಾಡಿದ ಜನ ಎದುರಿನೋರಿಗೆ ನಾನು ಎಷ್ಟು ಇಷ್ಟ ಆದೆ ಅಂತ ಊಹೆ ಮಾಡಿದ್ದು, ನಿಜವಾಗ್ಲೂ ಇಷ್ಟ ಆಗಿದ್ದಕ್ಕಿಂತ ಕಮ್ಮಿನೇ ಇತ್ತು. ಅವರು ನಿಮ್ಮ ತಪ್ಪು ಗಮನಿಸಿರಲ್ಲ, ಅವರ ತಪ್ಪಿನ ಯೋಚ್ನೇಲಿ ಅವರಿರ್ತಾರೆ. ಹಂಗಾಗಿ ಸಣ್ಣಪುಟ್ಟದ್ದಕ್ಕೆ ರಾತ್ರಿ ಹನ್ನೊಂದು ಗಂಟೆಗೆ ಉದ್ದದ ಮೆಸೇಜ್ ಹಾಕಿ ಕ್ಷಮೆ ಕೇಳೋಕೆ ಹೋಗ್ಬೇಡಿ, ಗಮನಿಸ್ದೇ ಇದ್ದೋರಿಗೂ ಗೊತ್ತಾಗುತ್ತೆ.

ನಿಜವಾಗ್ಲೂ ಹಾಳು ಮಾಡಿದ್ರೆ, ಅಂದ್ರೆ ನಾನು ಟೈರ್ ಹತ್ತಿಸಿದಂಗೆ ಮಾಡಿದ್ರೆ, ಮಾರನೇ ದಿನವೇ ಹೋಗ್ಬೇಕು, ಬರಿಗೈಲಿ ಹೋಗ್ಬೇಕು, ಗಿಫ್ಟ್ ಬೇಡ. ನಾನು ಹೋದೆ. ಈ ಸಲ ಬೈಕ್ ಗೇಟಿಂದ ಆಚೆ ರೋಡಲ್ಲೇ ಬಿಟ್ಟು ನಡ್ಕೊಂಡು ಹೋದೆ. ಕಣದ ಬದೀಲಿ ಇಬ್ರು ಹೆಂಗಸರು ಕೂತು ಒಡೆದಿದ್ದು, ಮಣ್ಣು ಹತ್ತಿದ್ದು ಎಲ್ಲಾ ಆರಿಸ್ತಿದ್ರು. ಪಾರ್ಚ್‌ಮೆಂಟ್ ಸಿಪ್ಪೆ ಒಡೆದ್ರೆ ಒಳಗಿನ ಬೀಜಕ್ಕೆ ಏಟು, ಮೇಲಾಗಿ ಕಾಫಿ ಯಾವ ವಾಸ್ನೆ ಸಿಕ್ರೂ ಹೀರ್ಕೊಳ್ಳುತ್ತೆ, ಟೈರಿನ ಮಣ್ಣು ಪೆಟ್ರೋಲು ಎಲ್ಲಾ, ಇದನ್ನ ಆ ಹೆಂಗಸರೇ ನಂಗೆ ಹೇಳ್ಕೊಟ್ಟಿದ್ದು. ನಾನೂ ಕುಕ್ಕರಗಾಲಲ್ಲಿ ಕೂತು ಆರ್ಸೋಕೆ ಶುರು ಮಾಡ್ದೆ. ಮುಕ್ಕಾಲು ಗಂಟೆ ಆಯ್ತು, ಬೆನ್ನು ಬಿಸ್ಲಿಗೆ ಕಾದು ಹೋಗಿತ್ತು. ಯಜಮಾನ್ರು ಜಗಲೀಲಿ ಪೇಪರ್ ಓದ್ತಾನೇ ಇದ್ರು, ಒಂದು ಮಾತಾಡ್ಲಿಲ್ಲ. ಆಮೇಲೆ ಒಳಗಿಂದ ಮೂರು ಲೋಟ ಕಾಫಿ ಬಂತು, ಆರಿಸ್ತಿದ್ದ ನಮ್ಮ ಮೂವರಿಗೂ.

ಗೊಬ್ಬರ ಅವರು ಆ ವರ್ಷ ತಗೊಳ್ಳಲಿಲ್ಲ, ಮಾರನೇ ವರ್ಷವೂ ಇಲ್ಲ. ಮೂರನೇ ವರ್ಷ ಅವರೇ ಫೋನ್ ಮಾಡಿದ್ರು. ಈಗ ಅವರ ಮನೆ ಗೇಟ್ ಹತ್ರ ನಾನು ಬೈಕ್ ಆಫ್ ಮಾಡ್ತಿದ್ದಂಗೇ ಜಗಲಿಯಿಂದ ಕೂಗ್ತಾರೆ, "ಅಲ್ಲೇ ನಿಲ್ಸಪ್ಪಾ, ಕಣ ತುಂಬಿದೆ!" ಜೂನ್ ತಿಂಗಳ ಜಡಿಮಳೇಲೂ ಅದನ್ನೇ ಕೂಗ್ತಾರೆ, ಕಣದಲ್ಲಿ ಮೊಣಕಾಲುದ್ದ ಹುಲ್ಲು ಬಿಟ್ರೆ ಏನೂ ಇರಲ್ಲ ಆಗ.